ಜೋರ್ಕ್ ಒಂದನೇ ಭಾಗ: ಲಾಟೀನು ಆರುವ ಮೊದಲು ಆಟ ಮುಗಿಸುವ ಕ್ರಮ

ಜೋರ್ಕ್ ಎಂದರೆ ಪರದೆಯ ವರ್ಣನೆ ಓದಿ, ಕಮಾಂಡ್ ಟೈಪ್ ಮಾಡಿ ಆಡುವ ಹಳೆಯ ಕಂಪ್ಯೂಟರ್ ಆಟ. ನೆಲಮಾಳಿಗೆಯ ನಿಧಿಗಳನ್ನು ತಂದು ಮನೆಯಲ್ಲಿ ಕೂಡಿಡುವುದು ಗುರಿ. ಅದನ್ನು ಆಡಲು ಕೂತವರು ನನ್ನ ಹತ್ತಿರ ಹೇಳಿಕೊಳ್ಳುವ ದೂರು ಹೆಚ್ಚುಕಡಿಮೆ ಒಂದೇ. ನೆಲಮಾಳಿಗೆಗೆ ಇಳಿದೆ, ಒಂದಷ್ಟು ಹೊತ್ತು ಸುತ್ತಿದೆ, ದೀಪ ಆರಿತು, ಕತ್ತಲಲ್ಲಿ ಸತ್ತೆ. ಮತ್ತೆ ಶುರು ಮಾಡಿದೆ, ಮತ್ತೆ ಅದೇ ಆಯಿತು. ಇವರಲ್ಲಿ ಒಗಟು ಬಿಡಿಸಲಾರದೆ ಸೋತವರು ಕಡಿಮೆ. ಒಗಟಿನ ಹತ್ತಿರ ತಲುಪುವಷ್ಟರಲ್ಲೇ ಲಾಟೀನಿನ ಬ್ಯಾಟರಿ ಮುಗಿದಿರುತ್ತದೆ, ಅಷ್ಟೆ.

ಈ ಆಟದ ಮೊದಲ ಸುತ್ತನ್ನು ನಕ್ಷೆಗೆ ಬಿಡಬೇಕು, ನಿಧಿಗೆ ಕೈಹಾಕುವುದು ಎರಡನೇ ಸುತ್ತಿನಲ್ಲಿ. ಎರಡನ್ನೂ ಒಟ್ಟಿಗೆ ಮಾಡಲು ಹೊರಟರೆ ಎರಡೂ ಕೆಡುತ್ತವೆ. ಕೆಳಗಿನ ಹಂತಗಳನ್ನು ಈ ಲೆಕ್ಕದಲ್ಲೇ ಜೋಡಿಸಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಒಗಟುಗಳ ಉತ್ತರವನ್ನು ಆದಷ್ಟು ಮುಚ್ಚಿಟ್ಟಿದ್ದೇನೆ. ಒಂದು ತಪ್ಪಿನಿಂದ ಇಡೀ ಆಟವೇ ಕೈತಪ್ಪುವ ಕಡೆ ಮಾತ್ರ ಬಿಡಿಸಿ ಹೇಳಿದ್ದೇನೆ.

ಆಟದ ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು. ಕೀಬೋರ್ಡ್ ಕನ್ನಡದಲ್ಲೇ ಉಳಿದಿದ್ದರೆ ಆಟಕ್ಕೆ ಒಂದು ಪದವೂ ಅರ್ಥವಾಗುವುದಿಲ್ಲ. ಶುರುವಿನಲ್ಲೇ "ಆಟ ಕೆಟ್ಟಿದೆ" ಎಂದವರ ಪರದೆ ನೋಡಿದಾಗ ಎಷ್ಟೋ ಸಲ ಕಾರಣ ಇದೇ ಆಗಿತ್ತು.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಚೌಕುಳಿ ಇರುವ ಗಣಿತದ ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಪೆನ್ನು ಬೇಡ, ಮೊದಲ ಹತ್ತು ಕೋಣೆಗಳಲ್ಲೇ ಮೂರು ಸಲ ಅಳಿಸಬೇಕಾಗುತ್ತದೆ. ನಕ್ಷೆ ಬರೆಯಲೆಂದೇ ಟ್ರಿಜ್‌ಬಾರ್ಟ್ ಎಂಬ ತಂತ್ರಾಂಶವಿದೆ, ಚೆನ್ನಾಗಿಯೂ ಇದೆ. ಆದರೂ ಮೊದಲ ಸಲ ಆಡುವವರಿಗೆ ನಾನು ಹೇಳುವುದು ಕಾಗದವನ್ನೇ. ಕೈಯಲ್ಲಿ ಗೆರೆ ಎಳೆದ ದಾರಿ ತಲೆಯಲ್ಲಿ ನಿಲ್ಲುತ್ತದೆ.

ಒಂದು ಇಂಗ್ಲಿಷ್–ಕನ್ನಡ ನಿಘಂಟು ಪಕ್ಕದಲ್ಲಿರಲಿ. ಮನೆಯ ಹಿಂದಿನ ಕಿಟಕಿಯನ್ನು ವರ್ಣಿಸುವಾಗ ಆಟ "ಅಜಾರ್" ಎಂಬ ಪದ ಬಳಸುತ್ತದೆ. ನಾವು ಬಾಗಿಲು ಓರೆ ಮಾಡಿ ಬಾ ಅನ್ನುತ್ತೇವಲ್ಲ, ಆ ಓರೆ. ಈ ಒಂದು ಪದ ಗೊತ್ತಿಲ್ಲದೆ ಮನೆಯ ಸುತ್ತ ಅರ್ಧ ಗಂಟೆ ತಿರುಗಿದವರನ್ನು ನೋಡಿದ್ದೇನೆ. ಈ ಆಟದ ವರ್ಣನೆಗಳಲ್ಲಿ ಅಲಂಕಾರಕ್ಕೆಂದು ಬಂದ ಪದ ಕಡಿಮೆ. ಗೊತ್ತಿಲ್ಲದ ಪದ ಕಂಡರೆ ದಾಟಿ ಹೋಗಬೇಡಿ.

## ಹಂತ 1: ಸರಿಯಾದ ಫೈಲ್, ಸರಿಯಾದ ಆವೃತ್ತಿ

ಬೇಕಿರುವುದು ಎರಡು: ಆಟದ ಫೈಲ್ ಮತ್ತು ಅದನ್ನು ಓದಿ ನಡೆಸುವ ತಂತ್ರಾಂಶ. ಜೋರ್ಕ್ ಹೊರತಂದ ಇನ್ಫೋಕಾಮ್ ಕಂಪನಿ ತನ್ನ ಆಟಗಳನ್ನು ಝಡ್-ಮಷೀನ್ ಎಂಬ ಕಾಲ್ಪನಿಕ ಯಂತ್ರಕ್ಕಾಗಿ ಬರೆದಿತ್ತು. ಹಾಗಾಗಿಯೇ 1980ರ ಆಟ ಇವತ್ತಿನ ಕಂಪ್ಯೂಟರ್‌ನಲ್ಲೂ ನಡೆಯುತ್ತದೆ. ಆ ಯಂತ್ರದ ಪಾತ್ರ ವಹಿಸುವ ತಂತ್ರಾಂಶಗಳಲ್ಲಿ ಫ್ರಾಟ್ಜ್ ಮತ್ತು ಗಾರ್ಗಾಯ್ಲ್ ಹೆಸರಾಗಿವೆ. ವಿಂಡೋಸ್‌ಗೂ ಲಿನಕ್ಸ್‌ಗೂ ಎರಡೂ ಸಿಗುತ್ತವೆ.

ಆಟದ ಫೈಲಿನ ಹೆಸರು ಚುಕ್ಕೆ, ಝಡ್, 3 ಎಂದು ಮುಗಿಯಬೇಕು. 2025ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಜೋರ್ಕ್‌ನ ಮೂರೂ ಭಾಗಗಳ ಮೂಲ ಪಠ್ಯವನ್ನು (ಸೋರ್ಸ್ ಕೋಡ್) ಮುಕ್ತ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಅದಾದ ಮೇಲೆ ಹೊಸದೊಂದು ತಪ್ಪು ಶುರುವಾಗಿದೆ: ಆಟವನ್ನು ಬರೆದ ಝಿಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೂಲ ಪಠ್ಯವನ್ನು ಇಳಿಸಿಕೊಂಡು ಅದನ್ನೇ ಫ್ರಾಟ್ಜ್‌ನಲ್ಲಿ ತೆರೆಯುವುದು. ಅದು ತೆರೆಯುವುದಿಲ್ಲ. ಆ ಪಠ್ಯ ಕಂಪೈಲ್ ಆಗಿ ಝಡ್3 ಫೈಲ್ ಆದ ಮೇಲೆಯೇ ಆಟ.

ಇನ್ನೊಂದು ಗೊಂದಲ. ಇನ್ಫೋಕಾಮ್ ಹುಟ್ಟುವ ಮೊದಲು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ದೊಡ್ಡ ಕಂಪ್ಯೂಟರ್‌ನಲ್ಲಿ ಬೆಳೆದ ಮೂಲ ಜೋರ್ಕ್ ಒಂದಿದೆ, ಡಂಜನ್ ಹೆಸರಲ್ಲೂ ಸಿಗುತ್ತದೆ. ಅದರ ಬಿಳಿ ಮನೆ, ಅಂಚೆ ಡಬ್ಬಿ ಎಲ್ಲ ನೋಡಲು ಹೀಗೇ. ನೆಲದಡಿಯ ನಕ್ಷೆ ಮಾತ್ರ ಬೇರೆ. ಅದರ ನಕ್ಷೆ ಹಿಡಿದು ಇದನ್ನು ಆಡಿದರೆ ದಾರಿ ಕೂಡುವುದಿಲ್ಲ. ಆಟ ತೆರೆದ ಕೂಡಲೇ "ವರ್ಷನ್" ಎಂದು ಟೈಪ್ ಮಾಡಿ, ಜೋರ್ಕ್ ಒಂದು ಎಂದೂ ಇನ್ಫೋಕಾಮ್ ಎಂದೂ ಬಂದರೆ ಸರಿಯಾದ ಜಾಗದಲ್ಲಿದ್ದೀರಿ.

ಮೊಬೈಲ್‌ನಲ್ಲಿ ಆಡುವವರು ಆಟೋಕರೆಕ್ಟ್ ಆಫ್ ಮಾಡಿಕೊಳ್ಳಿ. ವಾಯವ್ಯಕ್ಕೆ ಹೋಗಲು ಒತ್ತಿದ ಎರಡು ಅಕ್ಷರವನ್ನು ಫೋನು ತಾನಾಗಿ ಬೇರೆ ಪದ ಮಾಡಿಬಿಡುತ್ತದೆ.

## ಹಂತ 2: ಆಟಕ್ಕೆ ಅರ್ಥವಾಗುವ ಹಾಗೆ ಮಾತಾಡುವುದು

ಮೊದಲ ಕಮಾಂಡ್ "ವರ್ಬೋಸ್" ಆಗಿರಲಿ. ಇದನ್ನು ಕೊಡದಿದ್ದರೆ ಒಮ್ಮೆ ನೋಡಿದ ಕೋಣೆಗೆ ಮತ್ತೆ ಹೋದಾಗ ಹೆಸರಷ್ಟೇ ಕಾಣುತ್ತದೆ. ಕೊಟ್ಟರೆ ಪ್ರತಿ ಸಲವೂ ಪೂರ್ತಿ ವರ್ಣನೆ ಬರುತ್ತದೆ. ಹೊರಹೋಗುವ ದಾರಿಗಳು ಆ ವರ್ಣನೆಯಲ್ಲೇ ಇರುವುದರಿಂದ ನಕ್ಷೆ ಬರೆಯುವವರಿಗೆ ಇದು ಬೇಕೇ ಬೇಕು.

ವಾಕ್ಯ ಚಿಕ್ಕದಿರಲಿ: ಕ್ರಿಯೆ, ವಸ್ತು, ಬೇಕಿದ್ದರೆ ಇನ್ನೊಂದು ವಸ್ತು. "ಓಪನ್ ವಿಂಡೋ", "ಟೇಕ್ ಲ್ಯಾಂಪ್", "ಕಿಲ್ ಟ್ರೋಲ್ ವಿತ್ ಸ್ವೋರ್ಡ್". ಟ್ರೋಲನ್ನು (ನೆಲಮಾಳಿಗೆಯಲ್ಲಿ ಎದುರಾಗುವ ರಾಕ್ಷಸ) ಹೊಡೆಯುವಾಗ ಯಾವುದರಿಂದ ಎಂದು ಹೇಳುವ ಅಭ್ಯಾಸವಿರಲಿ. ದಿಕ್ಕಿಗೆ ಮೊದಲಕ್ಷರ ಸಾಕು. ಮೇಲೆ, ಕೆಳಗೆ ಹೋಗಲು "ಯು", "ಡಿ".

ಕಾಗುಣಿತದ ಭಯ ಬೇಡ. ಈ ಆಟ ಪ್ರತಿ ಪದದ ಮೊದಲ ಆರು ಅಕ್ಷರಗಳನ್ನಷ್ಟೇ ನೋಡುತ್ತದೆ. "ಎಕ್ಸಾಮಿನ್" ಪದದ ಕೊನೆಯ ಅಕ್ಷರ ತಪ್ಪಿದರೂ ನಡೆಯುತ್ತದೆ. ಮುಂದಿನ ಕಾಲದ ಆಟಗಳಲ್ಲಿ ಅದಕ್ಕೆ "ಎಕ್ಸ್" ಎಂಬ ಚುಟುಕು ರೂಪ ಬಂತು, ಇಲ್ಲಿ ಅದನ್ನು ನಂಬಬೇಡಿ, ಪೂರ್ತಿ ಬರೆಯಿರಿ.

ಆಟದ ಉತ್ತರಗಳನ್ನು ಓದುವುದರಲ್ಲಿ ಒಂದು ಸೂಕ್ಷ್ಮವಿದೆ. ಒಂದು ದಿಕ್ಕಿಗೆ ಹೊರಟಾಗ "ಯು ಕಾಂಟ್ ಗೋ ದಟ್ ವೇ" ಎಂದರೆ ಅಲ್ಲಿ ದಾರಿಯೇ ಇಲ್ಲ. ಬೇರೆ ಯಾವುದೇ ವಾಕ್ಯ ಬಂದರೆ, ಉದಾಹರಣೆಗೆ ಹಲಗೆ ಹೊಡೆದಿದೆ, ಇಷ್ಟು ಸಾಮಾನು ಹೊತ್ತು ಹೋಗಲಾಗದು ಎಂದೆಲ್ಲ ಹೇಳಿದರೆ, ಅದನ್ನು ಬರೆದವರು ಆ ದಿಕ್ಕಿನ ಬಗ್ಗೆ ಯೋಚಿಸಿದ್ದಾರೆ ಎಂದರ್ಥ. ಮೊದಲನೆಯದಕ್ಕೆ ನಕ್ಷೆಯಲ್ಲಿ ಅಡ್ಡಗೆರೆ ಹಾಕಿ, ಎರಡನೆಯದಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಆಟದ ಕೊನೆಯ ಹೊತ್ತಿಗೆ ಈ ಚಿಹ್ನೆಗಳೇ ನಿಮ್ಮನ್ನು ಕಾಪಾಡುತ್ತವೆ.

## ಹಂತ 3: ಸೇವ್ ಮಾಡುವ ಶಿಸ್ತು

ಜೋರ್ಕ್‌ಗೆ ತನ್ನದೇ ಆದ "ಅನ್‌ಡೂ" ಇಲ್ಲ. ಫ್ರಾಟ್ಜ್‌ನಲ್ಲಿ ಆಲ್ಟ್ ಮತ್ತು ಯು ಒಟ್ಟಿಗೆ ಒತ್ತಿದರೆ ಒಂದು ನಡೆ ಹಿಂದೆ ಹೋಗಬಹುದು, ಆದರೆ ಅದು ಬೆರಳು ತಪ್ಪಿದಾಗಿನ ಅನುಕೂಲ ಮಾತ್ರ. ಇಲ್ಲಿನ ತಪ್ಪುಗಳು ಗೊತ್ತಾಗುವುದು ಐವತ್ತು, ನೂರು ನಡೆಗಳ ನಂತರ.

ನಾನು ಮೊದಲ ಸಲ ಆಡಿದಾಗ ಒಂದೇ ಸೇವ್ ಫೈಲ್ ಇಟ್ಟುಕೊಂಡಿದ್ದೆ. ಪ್ರತಿ ಸಲ ಅದೇ ಹೆಸರನ್ನು ಪರದೆ ತೋರಿಸುತ್ತಿತ್ತು, ನಾನು ಎಂಟರ್ ಒತ್ತುತ್ತಿದ್ದೆ. ಅಣೆಕಟ್ಟಿನ ಹತ್ತಿರ ಲಾಟೀನು ಮಂಕಾಗಿದೆ ಎಂಬ ಸಾಲು ಬಂದ ಮೇಲೂ ಅದೇ ಫೈಲಿಗೆ ಸೇವ್ ಮಾಡಿದೆ. ಆಮೇಲೆ ಎಷ್ಟು ಸಲ ತೆರೆದರೂ ಅದೇ ಮಂಕು ಲಾಟೀನು, ಮನೆ ಮಾತ್ರ ದೂರ. ಎರಡು ಸಂಜೆಯ ಆಟ ಹೋಯಿತು.

ಆದ್ದರಿಂದ ಪ್ರತಿ ಸೇವ್‌ಗೂ ಹೊಸ ಹೆಸರು: ಅನುಕ್ರಮ ಸಂಖ್ಯೆ, ಜಾಗದ ಹೆಸರು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪ್ರತಿಯೊಂದಕ್ಕೂ ಒಂದು ಸಾಲು ಬರೆದಿಡಿ. ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ಅಂಕ ಮತ್ತು ನಡೆಗಳ ಸಂಖ್ಯೆ ಕಾಣುತ್ತದೆ, ಅವೆರಡನ್ನೂ ಬರೆಯಿರಿ. ಹಳೆಯದರ ಮೇಲೆ ಎಂದೂ ಬರೆಯಬೇಡಿ. ಹೊಸ ಪ್ರದೇಶಕ್ಕೆ ಕಾಲಿಡುವ ಮುಂಚೆ, ಹೊಡೆದಾಟಕ್ಕೆ ಮುಂಚೆ, ಒಂದು ವಸ್ತುವನ್ನು ಒಡೆಯುವ, ಸುಡುವ, ತಿನ್ನುವ, ಯಾರಿಗಾದರೂ ಕೊಡುವ ಮುಂಚೆ ಸೇವ್ ಮಾಡಿ.

ಸತ್ತರೆ ಆಟ ನಿಮ್ಮನ್ನು 10 ಅಂಕ ಕಳೆದು ಬದುಕಿಸಬಹುದು, ಸಾಮಾನೆಲ್ಲ ಚೆಲ್ಲಾಪಿಲ್ಲಿ ಆಗಿರುತ್ತದೆ. ಆ ಸ್ಥಿತಿಯಲ್ಲಿ ಮುಂದುವರಿಸಬೇಡಿ, "ರಿಸ್ಟೋರ್" ಮಾಡಿ.

## ಹಂತ 4: ನೆಲದ ಮೇಲೆ ನಕ್ಷೆಯ ಅಭ್ಯಾಸ

ಮನೆಯ ಹೊರಗೆ ಬೆಳಕು ಇದೆ, ಲಾಟೀನಿನ ಲೆಕ್ಕ ಓಡುವುದಿಲ್ಲ. ನಕ್ಷೆ ಬರೆಯಲು ಕಲಿಯಬೇಕಾದ್ದು ಇಲ್ಲೇ.

ಒಂದು ಜಾಗಕ್ಕೆ ಒಂದು ಚೌಕ. ಒಳಗೆ ಆಟ ಹೇಳಿದ ಹೆಸರನ್ನೇ ಬರೆಯಿರಿ, ನಿಮ್ಮದೇ ಹೆಸರು ಇಡಬೇಡಿ. ಹೊರಟ ದಿಕ್ಕಿನ ಬದಿಯಿಂದ ಗೆರೆ ಎಳೆಯಿರಿ. ಇನ್ನೊಂದು ತುದಿಯನ್ನು ಆ ಕಡೆಯ ಚೌಕಕ್ಕೆ ತಾಗಿಸುವ ಮುಂಚೆ ವಾಪಸ್ ನಡೆದು ನೋಡಿ. ಎಲ್ಲರೂ ಎಡವುವುದು ಇಲ್ಲಿ.

ಆಟ ಶುರುವಾಗುವುದು ಮನೆಯ ಪಶ್ಚಿಮ ಬದಿಯಲ್ಲಿ. ಉತ್ತರಕ್ಕೆ ಹೋಗಿ, ಮನೆಯ ಉತ್ತರ ಬದಿಗೆ ಬರುತ್ತೀರಿ. ಈಗ ದಕ್ಷಿಣಕ್ಕೆ ಹೋಗಿ ನೋಡಿ. ಕಿಟಕಿಗಳಿಗೆ ಹಲಗೆ ಹೊಡೆದಿದೆ ಎನ್ನುತ್ತದೆ, ಬಂದಲ್ಲಿಗೆ ಹೋಗುವುದಿಲ್ಲ. ವಾಪಸ್ ಹೋಗಬೇಕಾದರೆ ಪಶ್ಚಿಮ ಅಥವಾ ನೈಋತ್ಯ ಎನ್ನಬೇಕು. ಮನೆಯ ಮೂಲೆ ತಿರುಗಿದ್ದೀರಿ, ಅಷ್ಟೆ. ಬಂದ ದಿಕ್ಕಿನ ವಿರುದ್ಧ ನಡೆದರೆ ಬಂದಲ್ಲಿಗೆ ತಲುಪುತ್ತೇವೆ ಎಂಬ ನಂಬಿಕೆಯನ್ನು ಆಟ ಮೊದಲ ಹೆಜ್ಜೆಯಲ್ಲೇ ಮುರಿಯುತ್ತದೆ. ಹಾಗಾಗಿ ಪ್ರತಿ ಗೆರೆಯ ಎರಡೂ ತುದಿಯಲ್ಲಿ ಬೇರೆ ಬೇರೆ ದಿಕ್ಕಿನ ಅಕ್ಷರ ಬರೆಯಿರಿ. ಒಮ್ಮುಖ ದಾರಿಗೆ ಬಾಣ ಹಾಕಿ. ಹೋಗಿ ನೋಡದ ದಿಕ್ಕಿಗೆ ಅರ್ಧ ಗೆರೆ ಎಳೆದು ಬಿಡಿ.

ಮನೆಯ ನಾಲ್ಕು ಬದಿ, ಸುತ್ತಲಿನ ಕಾಡು, ಅಡುಗೆಮನೆ, ಹಜಾರ ಇಷ್ಟನ್ನು ತಪ್ಪಿಲ್ಲದೆ ಬರೆದ ಮೇಲೆಯೇ ಕೆಳಗಿಳಿಯುವ ಯೋಚನೆ. ಅಟ್ಟ ಕತ್ತಲು, ಹಜಾರದಲ್ಲಿರುವ ಹಿತ್ತಾಳೆ ಲಾಟೀನು ತೆಗೆದುಕೊಳ್ಳದೆ ಹತ್ತಬೇಡಿ.

## ಹಂತ 5: ನೋಡುವುದಕ್ಕಷ್ಟೇ ಒಂದು ಸುತ್ತು

ಹಜಾರದ ಜಮಖಾನ ಸರಿಸಿದರೆ ನೆಲಬಾಗಿಲು. ಇಳಿದ ಕೂಡಲೇ ಅದು ದಡಾರನೆ ಮುಚ್ಚಿಕೊಳ್ಳುತ್ತದೆ, ಮೇಲಿನಿಂದ ಯಾರೋ ಅಗುಳಿ ಹಾಕಿದ ಸದ್ದು ಬರುತ್ತದೆ. ಬಹಳ ಜನ ಇಲ್ಲೇ ಗಾಬರಿ ಬೀಳುತ್ತಾರೆ. ಗಾಬರಿ ಬೇಡ, ಈ ಸುತ್ತಿನಲ್ಲಿ ನೀವು ಹೇಗೂ ವಾಪಸ್ ಬರಬೇಕಾಗಿಲ್ಲ.

ಈ ಸುತ್ತಿನ ಉದ್ದೇಶ ಒಂದೇ, ಲಾಟೀನು ಆರುವವರೆಗೆ ನಡೆದು ನಕ್ಷೆ ಬರೆಯುವುದು. ನಿಧಿ ಕಂಡರೆ ಎಲ್ಲಿದೆ ಎಂದು ಗುರುತು ಹಾಕಿ, ಹೊತ್ತು ತಿರುಗಬೇಡಿ. ಒಗಟು ಕಂಡರೆ ಅದರ ವರ್ಣನೆ ಬರೆದುಕೊಂಡು ಮುಂದೆ ಹೋಗಿ. ಯೋಚನೆಗೆ ಸಮಯ ಖರ್ಚಾಗುವುದಿಲ್ಲ, ಆಟದ ಗಡಿಯಾರ ಓಡುವುದು ನೀವು ಕಮಾಂಡ್ ಕೊಟ್ಟಾಗ ಮಾತ್ರ. ಆದರೆ "ಲುಕ್", "ಇನ್ವೆಂಟರಿ" ಕೂಡ ಒಂದೊಂದು ನಡೆಯೇ, ಅವಕ್ಕೂ ಬ್ಯಾಟರಿ ಉರಿಯುತ್ತದೆ. "ಸೇವ್", "ಸ್ಕೋರ್", "ವರ್ಬೋಸ್"ಗಳಿಗೆ ಉರಿಯುವುದಿಲ್ಲ.

ಲಾಟೀನು ಮೂರು ಎಚ್ಚರಿಕೆ ಕೊಡುತ್ತದೆ: ಮೊದಲು ಸ್ವಲ್ಪ ಮಂಕಾಗಿದೆ ಎನ್ನುತ್ತದೆ, ಆಮೇಲೆ ಖಂಡಿತ ಮಂಕಾಗಿದೆ ಎನ್ನುತ್ತದೆ, ಕೊನೆಗೆ ಇನ್ನೇನು ಆರಲಿದೆ ಎನ್ನುತ್ತದೆ. ಮೂರೂ ಎಷ್ಟನೇ ನಡೆಯಲ್ಲಿ ಬಂದವು ಎಂದು ಮೇಲಿನ ಪಟ್ಟಿ ನೋಡಿ ಬರೆದಿಡಿ. ಮುಂದಿನ ಸುತ್ತಿಗೆ ನಿಮ್ಮ ಹತ್ತಿರ ಎಷ್ಟು ಬೆಳಕಿದೆ ಎಂಬ ಲೆಕ್ಕ ಇದರಿಂದಲೇ ಸಿಗುವುದು. ಈ ಭಾಗದಲ್ಲಿ ಹೊಸ ಬ್ಯಾಟರಿ ಎಲ್ಲೂ ಸಿಗುವುದಿಲ್ಲ.

ಪೂರ್ತಿ ಕತ್ತಲಾದ ಮೇಲೆ ನಡೆಯುವವರನ್ನು ಗ್ರೂ ಎಂಬ ಪ್ರಾಣಿ ತಿನ್ನುತ್ತದೆ. ಅಲ್ಲಿಗೆ ಈ ಸುತ್ತು ಮುಗಿಯಿತು. ಕಳೆದುಕೊಂಡದ್ದು ಏನೂ ಇಲ್ಲ, ನಕ್ಷೆ ಕೈಯಲ್ಲಿದೆ. ಇಂಥ ಸುತ್ತು ಎರಡು ಮೂರು ಬೇಕಾದರೂ ಬೇಸರ ಮಾಡಬೇಡಿ.

## ಹಂತ 6: ಚಕ್ರವ್ಯೂಹ

ಟ್ರೋಲ್ ಇರುವ ಕೋಣೆಯಿಂದ ಪಶ್ಚಿಮಕ್ಕೆ ಹೋದರೆ ಒಂದೇ ಥರದ ಅಂಕುಡೊಂಕು ಓಣಿಗಳ ಜಾಲ. ಹೆಚ್ಚಿನ ಕೋಣೆಗಳ ವರ್ಣನೆ ಅಕ್ಷರಶಃ ಒಂದೇ. ಇಲ್ಲಿ ಚೌಕದ ನಕ್ಷೆ ನಡೆಯುವುದಿಲ್ಲ, ಕೋಷ್ಟಕ ಬೇಕು. ಒಂದು ಕೋಣೆಗೆ ಒಂದು ಸಾಲು, ಹತ್ತು ಕಂಬ: ಎಂಟು ದಿಕ್ಕು, ಮೇಲೆ, ಕೆಳಗೆ.

ಎಲ್ಲರೂ ಹೇಳುವ ಉಪಾಯ ಪ್ರತಿ ಕೋಣೆಯಲ್ಲೂ ಬೇರೆ ಬೇರೆ ವಸ್ತು ಹಾಕಿ ಗುರುತು ಮಾಡುವುದು. ಒಳ್ಳೆಯದೇ, ಆದರೆ ಈ ಆಟದಲ್ಲಿ ಅದು ಪೂರ್ತಿ ಕೈಹಿಡಿಯುವುದಿಲ್ಲ. ನೆಲಮಾಳಿಗೆಯಲ್ಲಿ ಒಬ್ಬ ಕಳ್ಳ ತಿರುಗಾಡುತ್ತಿರುತ್ತಾನೆ, ಚಕ್ರವ್ಯೂಹದಲ್ಲಿ ಬಿದ್ದಿರುವ ವಸ್ತುಗಳನ್ನು ಅವನು ಎತ್ತಿಕೊಂಡು ಹೋಗುತ್ತಾನೆ. ಇದು ಇಲ್ಲಿ ಯಾಕೆ ಬಿದ್ದಿದೆಯೋ ಎಂದು ದೂರದಿಂದ ಯಾರೋ ಅಂದದ್ದು ಕೇಳಿಸಿದರೆ, ನಿಮ್ಮ ಒಂದು ಗುರುತು ಮಾಯವಾಯಿತು ಎಂದು ತಿಳಿಯಿರಿ.

ನನಗೆ ಗಟ್ಟಿಯಾಗಿ ಕೆಲಸ ಮಾಡಿದ ಕ್ರಮ ಹೀಗಿದೆ. ಕೋಣೆಯಲ್ಲಿ ಗುರುತಿಗೆ ಒಂದು ವಸ್ತು ಹಾಕಿ, ಸೇವ್ ಮಾಡಿ. ಒಂದು ದಿಕ್ಕಿಗೆ ಹೋಗಿ, ಎಲ್ಲಿ ಬಂದಿರಿ ಎಂದು ಕೋಷ್ಟಕದಲ್ಲಿ ತುಂಬಿ, ರಿಸ್ಟೋರ್ ಮಾಡಿ. ಮುಂದಿನ ದಿಕ್ಕು. ಹತ್ತು ದಿಕ್ಕು ನೋಡಿದರೂ ಆಟದ ಪ್ರಕಾರ ನೀವು ಕದಲಿಲ್ಲ, ಲಾಟೀನು ಖರ್ಚಾಗಲಿಲ್ಲ, ಕಳ್ಳನಿಗೂ ಸಮಯ ಸಿಗಲಿಲ್ಲ.

ಮೊದಲ ಕೋಣೆಯನ್ನೇ ನೋಡಿ. ಪೂರ್ವಕ್ಕೆ ಹೋದರೆ ಟ್ರೋಲ್ ಕೋಣೆ. ಉತ್ತರಕ್ಕೆ ಹೋದರೆ ಹಾಕಿದ ವಸ್ತು ಅಲ್ಲೇ ಬಿದ್ದಿರುತ್ತದೆ, ಏಕೆಂದರೆ ಆ ಓಣಿ ಸುತ್ತಿ ಬಂದು ಅದೇ ಕೋಣೆಗೆ ಸೇರುತ್ತದೆ. ದಕ್ಷಿಣಕ್ಕೆ ಹೋದರೆ ಹೊಸ ಕೋಣೆ, ಅಲ್ಲಿಂದ ಮತ್ತೆ ದಕ್ಷಿಣಕ್ಕೇ ಹೋದರೆ ಮೊದಲ ಕೋಣೆ. ಇದನ್ನು ನಿಮ್ಮ ಕೈಯಾರೆ ತಾಳೆ ನೋಡಿದರೆ ಕೋಷ್ಟಕ ತುಂಬುವ ರೀತಿ ತಿಳಿಯುತ್ತದೆ. ಮೊದಲ ಕೋಣೆಯಿಂದ ದಕ್ಷಿಣ, ಪೂರ್ವ, ಮೇಲೆ ಹೋದರೆ ಅಸ್ಥಿಪಂಜರ ಬಿದ್ದಿರುವ ಕೋಣೆ. ಅಲ್ಲಿನ ನಾಣ್ಯದ ಚೀಲ ನಿಧಿ, ಬೀಗದ ಕೈ ಬೇಕಾದದ್ದು.

ಅಲ್ಲೇ ತುಕ್ಕು ಹಿಡಿದ ಚಾಕು ಒಂದಿದೆ. ಕತ್ತಿ ಕೈಯಲ್ಲಿರುವಾಗ ಅದನ್ನು ಮುಟ್ಟಿದರೆ ಕತ್ತಿ ಒಮ್ಮೆ ಕಣ್ಣು ಕುಕ್ಕುವಂತೆ ಹೊಳೆಯುತ್ತದೆ. ಅದು ಎಚ್ಚರಿಕೆ. ಆ ಚಾಕುವಿನಿಂದ ಯಾರನ್ನಾದರೂ ಹೊಡೆಯಹೋದರೆ ಅದು ನಿಮ್ಮ ಕತ್ತನ್ನೇ ಕೊಯ್ಯುತ್ತದೆ. ಬಿಟ್ಟು ಬನ್ನಿ.

ಚಕ್ರವ್ಯೂಹದ ಆಚೆ ಒಕ್ಕಣ್ಣ ದೈತ್ಯ. ಊಟ, ನೀರು ಕೊಟ್ಟರೆ ಅವನು ಮಲಗುತ್ತಾನೆ, ಮೇಲಿನ ದಾರಿ ತೆರೆಯುತ್ತದೆ. ಗ್ರೀಕ್ ಪುರಾಣದಲ್ಲಿ ಇಂಥ ದೈತ್ಯನನ್ನು ಕುರುಡು ಮಾಡಿದ ವೀರನ ಹೆಸರು ಹೇಳಿದರೆ ಗೋಡೆ ಒಡೆದುಕೊಂಡು ಓಡುತ್ತಾನೆ, ಆ ಗಂಡಿ ನೇರ ನಿಮ್ಮ ಹಜಾರಕ್ಕೆ ಬರುತ್ತದೆ. ಎರಡನೆಯದನ್ನೇ ಮಾಡಿ. ಊಟ ಹಾಕಿ ಮಲಗಿಸಿದರೆ ಗೋಡೆ ಒಡೆಯುವುದಿಲ್ಲ.

## ಹಂತ 7: ನಿಜವಾದ ಸುತ್ತು ಶುರು ಮಾಡುವ ಕ್ರಮ

"ರಿಸ್ಟಾರ್ಟ್" ಮಾಡಿ, "ವರ್ಬೋಸ್" ಕೊಡಿ. ಈಗ ಒಂದು ನಡೆಯೂ ವ್ಯರ್ಥವಾಗಬಾರದು. ಈ ಭಾಗವನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ, ಇಲ್ಲಿ ಸರಿಯಾದ ಕ್ರಮ ಸಿಕ್ಕಿದರೆ ಬೆಳಕಿನ ಚಿಂತೆ ಬಹುಪಾಲು ತೀರುತ್ತದೆ.

ಮೊದಲು ಕಾಡಿನ ಮರ ಹತ್ತಿ ರತ್ನದ ಮೊಟ್ಟೆ ತನ್ನಿ. ಕೈಯಲ್ಲಿ ಹಿಡಿದೇ ಇಳಿಯಿರಿ, ಮರದ ಮೇಲೆ "ಡ್ರಾಪ್" ಎಂದರೆ ಕೆಳಗೆ ಬಿದ್ದು ಕೆಡುತ್ತದೆ. ತೆರೆಯಲು ನೋಡಲೇಬೇಡಿ, ಬಲವಂತವಾಗಿ ತೆರೆದ ಮೊಟ್ಟೆ ಮತ್ತೆ ಸರಿಯಾಗುವುದಿಲ್ಲ. ಹಿಂದಿನ ಕಿಟಕಿಯಿಂದ ಅಡುಗೆಮನೆಗೆ ಬಂದು (ಇದಕ್ಕೆ 10 ಅಂಕ), ಹಜಾರಕ್ಕೆ ಹೋಗಿ ಟ್ರೋಫಿ ಕೇಸ್ (ನಿಧಿಗಳನ್ನು ತಂದಿಡುವ ಕಪಾಟು) ತೆರೆದು ಮೊಟ್ಟೆಯನ್ನು ಒಳಗಿಡಿ. ಕಳ್ಳ ಮನೆಯೊಳಗೆ ಬರುವುದಿಲ್ಲ, ಹಜಾರದಲ್ಲಿಟ್ಟದ್ದು ಭದ್ರ.

ಲಾಟೀನು, ಕತ್ತಿ ತೆಗೆದುಕೊಂಡು ಅಟ್ಟಕ್ಕೆ ಹೋಗಿ. ಹಗ್ಗ, ಚಾಕು ತಂದು ಲಾಟೀನು ಆರಿಸಿ. ಚಾಕು ಸದ್ಯಕ್ಕೆ ಹಜಾರದಲ್ಲೇ ಇರಲಿ. ಅಡುಗೆಮನೆಯ ಚೀಲದಲ್ಲಿರುವ ಬೆಳ್ಳುಳ್ಳಿಯನ್ನು ತಿನ್ನಬೇಡಿ, ಎತ್ತಿಡಿ.

ಸೇವ್ ಮಾಡಿ, ಲಾಟೀನು ಹಚ್ಚಿ, ಇಳಿಯಿರಿ (25 ಅಂಕ). ಉತ್ತರಕ್ಕೆ ಟ್ರೋಲ್. ಅವನಿಗೆ ಕತ್ತಿಯೇ ತಕ್ಕ ಆಯುಧ. ಹೊಡೆದಾಟದ ಫಲಿತಾಂಶ ದಾಳ ಹಾಕಿದ ಹಾಗೆ, ಪ್ರತಿ ಸಲ ಬೇರೆ. ಸತ್ತರೆ ಅಥವಾ ಜೋರು ಗಾಯವಾದರೆ ರಿಸ್ಟೋರ್ ಮಾಡಿ. ಗಾಯ ಎಷ್ಟಿದೆ ಎಂದು "ಡಯಾಗ್ನೋಸ್" ಹೇಳುತ್ತದೆ. ಗಾಯಾಳು ಹೊರಬಲ್ಲ ಭಾರವೂ ಕಡಿಮೆ, ಅದಕ್ಕೇ ಗಾಯ ಹೊತ್ತು ಮುಂದೆ ಹೋಗಬೇಡಿ.

ಅಲ್ಲಿಂದ ಪೂರ್ವ, ಪೂರ್ವ, ಆಗ್ನೇಯ, ಪೂರ್ವ. ಗುಮ್ಮಟದ ಕೋಣೆ. ಹಗ್ಗವನ್ನು ಕಟಕಟೆಗೆ ಕಟ್ಟಿ ಇಳಿದರೆ ದಂತದ ಪಂಜು. ಪಂಜು ನಿಧಿಯೂ ಹೌದು, ಎಂದೂ ಆರದ ಬೆಳಕೂ ಹೌದು. ಅದು ಕೈಗೆ ಬಂದ ಕೂಡಲೇ ಲಾಟೀನು ಆರಿಸಿ, ಆದರೆ ಎಸೆಯಬೇಡಿ. ಕಳ್ಳ ಪಂಜನ್ನು ಕಿತ್ತುಕೊಂಡರೆ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ.

ಹಗ್ಗ ಈಗ ಎಟುಕುವುದಿಲ್ಲ, ಬಂದ ದಾರಿ ಮುಚ್ಚಿತು. ದಕ್ಷಿಣಕ್ಕೆ ದೇವಾಲಯ, ಅದರ ಪೂರ್ವಕ್ಕೆ ಚಿನ್ನದ ಶವಪೆಟ್ಟಿಗೆ ಇರುವ ಕೋಣೆ. ಪೆಟ್ಟಿಗೆ ಬಲು ಭಾರ, ಕತ್ತಿಯನ್ನು ಅಲ್ಲೇ ಬಿಟ್ಟರೆ ಹೊರಬಹುದು. ಪೆಟ್ಟಿಗೆಯೊಳಗೆ ರಾಜದಂಡವೂ ಇದೆ. ದೇವಾಲಯಕ್ಕೆ ಮರಳಿ, ದಕ್ಷಿಣದ ಬಲಿಪೀಠದ ಮುಂದೆ ನಿಂತು "ಪ್ರೇ" ಎನ್ನಿ. ಕಾಡಿನಲ್ಲಿ ಕಣ್ಣು ಬಿಡುತ್ತೀರಿ. ಪೂರ್ವಕ್ಕೆ ಕಾಡುಹಾದಿ, ದಕ್ಷಿಣಕ್ಕೆ ಮನೆಯ ಉತ್ತರ ಬದಿ.

ಈ ಉತ್ತರವನ್ನು ಹೇಳಿಬಿಟ್ಟದ್ದಕ್ಕೆ ಕಾರಣವಿದೆ. ನೆಲಮಾಳಿಗೆಯಿಂದ ಬೇಗ ಸಿಗುವ ಇನ್ನೊಂದು ಹೊರದಾರಿ ಚಿತ್ರಕಾರನ ಕೋಣೆಯ ಚಿಮಣಿ. ಅದರಲ್ಲಿ ಲಾಟೀನಿನ ಜೊತೆ ಇನ್ನೊಂದೇ ವಸ್ತು ಒಯ್ಯಬಹುದು. ಅಷ್ಟೇ ಅಲ್ಲ, ಚಿಮಣಿಯಿಂದ ಬಂದವರು ಮತ್ತೆ ಇಳಿದಾಗ ನೆಲಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತದೆ. ಬಲಿಪೀಠದ ದಾರಿಯಲ್ಲಿ ಬಂದು ಬಾಗಿಲು ತೆರೆದು ಇಳಿದರೆ ಅದು ತೆರೆದೇ ಇರುತ್ತದೆ, ಆಮೇಲೆ ಹಜಾರಕ್ಕೂ ನೆಲಮಾಳಿಗೆಗೂ ಓಡಾಟ ಸಲೀಸು.

## ಹಂತ 8: ಕಳ್ಳನನ್ನು ಯಾವಾಗ ಎದುರಿಸಬೇಕು

ತಡವಾಗಿ. ಈ ಆಟದಲ್ಲಿ ನಿಮ್ಮ ಹೊಡೆದಾಟದ ಬಲ ಅಂಕದ ಜೊತೆ ಏರುತ್ತದೆ. ಅಂಕ ಕಡಿಮೆ ಇರುವಾಗ ಎದುರು ನಿಂತರೆ ಸೋಲು ಹೆಚ್ಚು ಖಚಿತ, ಅದು ದುರದೃಷ್ಟವಲ್ಲ. ಹೆಚ್ಚಿನ ನಿಧಿಗಳು ಕೇಸ್ ಸೇರಿದ ಮೇಲೆ, ಅಟ್ಟದಿಂದ ತಂದ ಚಾಕು ಹಿಡಿದು ಹೋಗಿ. ಟ್ರೋಲ್‌ಗೆ ಕತ್ತಿ ಹೇಗೋ ಕಳ್ಳನಿಗೆ ಆ ಚಾಕು ಹಾಗೆ.

ಅದಕ್ಕೂ ಮುಂಚೆ ಮಾಡಲೇಬೇಕಾದ ಒಂದು ಕೆಲಸ ಮೊಟ್ಟೆಯದು. ಅದನ್ನು ಕೆಡಿಸದೆ ತೆರೆಯುವ ಕೈಚಳಕ ಕಳ್ಳನಿಗೆ ಮಾತ್ರ ಇದೆ. ಕೇಸ್‌ನಿಂದ ತೆಗೆದು ಒಯ್ದು ಅವನಿಗೆ ಕೊಟ್ಟುಬಿಡಿ, ಅವನ ಅಡಗುತಾಣದಲ್ಲಿ ಅದನ್ನು ತೆರೆಯಲು ಸಮಯ ಕೊಡಿ. ಆತುರಪಟ್ಟು ಅವನನ್ನು ಮೊದಲೇ ಕೊಂದವರಿಗೆ ಮೊಟ್ಟೆಯೊಳಗಿನ ಯಂತ್ರದ ಹಕ್ಕಿ ಸರಿಯಾದ ಸ್ಥಿತಿಯಲ್ಲಿ ಸಿಗುವುದಿಲ್ಲ, ಅದರಿಂದ ದೊರೆಯುವ ಇನ್ನೊಂದು ನಿಧಿಯೂ ಹೋಗುತ್ತದೆ. ಆಟ ಮುಗಿಸಲಾರದೆ ಕೂತವರಲ್ಲಿ ಕೊನೆಯ ಹತ್ತಿಪ್ಪತ್ತು ಅಂಕ ಕಳೆದುಕೊಂಡವರು ಹೆಚ್ಚಾಗಿ ಇಲ್ಲೇ ಕಳೆದಿರುತ್ತಾರೆ.

## ಹಂತ 9: ಒಮ್ಮೆ ತಪ್ಪಿದರೆ ತಿದ್ದಲಾಗದ ಜಾಗಗಳು

ಅಣೆಕಟ್ಟಿನ ದುರಸ್ತಿ ಕೋಣೆಯಲ್ಲಿ ನಾಲ್ಕು ಬಣ್ಣದ ಗುಂಡಿಗಳಿವೆ. ನೀಲಿ ಒತ್ತಬೇಡಿ, ಕೋಣೆಗೆ ನೀರು ನುಗ್ಗುತ್ತದೆ. ಹಳದಿ ಒತ್ತಿದ ಮೇಲೆಯೇ ಹೊರಗಿನ ಬೋಲ್ಟು ಸ್ಪ್ಯಾನರ್‌ಗೆ ತಿರುಗುತ್ತದೆ. ಜಲಾಶಯ ಬರಿದಾಗಲು ಕೆಲವು ನಡೆ ಕಾಯಬೇಕು.

ಗಾಳಿ ತುಂಬುವ ದೋಣಿಗೆ ಹತ್ತುವ ಮುಂಚೆ ಕೈಯಲ್ಲಿರುವುದನ್ನೆಲ್ಲ ನೋಡಿಕೊಳ್ಳಿ. ಕತ್ತಿ, ಚಾಕು, ಕೊಡಲಿ, ರಾಜದಂಡ, ಯಾವ ಮೊನೆಯಿದ್ದರೂ ದೋಣಿ ತೂತಾಗುತ್ತದೆ.

ನರಕದ ಬಾಗಿಲಿನಲ್ಲಿ ಗಂಟೆ, ಮೇಣದಬತ್ತಿ, ಪುಸ್ತಕ ಮೂರೂ ಬೇಕು, ಆ ಕ್ರಮದಲ್ಲೇ ಬೇಕು, ನಡುವೆ ಬೇರೆ ನಡೆ ಇಟ್ಟು ತಡಮಾಡಬಾರದು. ಮೇಣದಬತ್ತಿ ಸಿಕ್ಕಾಗಲೇ ಉರಿಯುತ್ತಿರುತ್ತದೆ, ತೆಗೆದುಕೊಂಡ ಕೂಡಲೇ ಆರಿಸಿ. ಬೆಂಕಿಕಡ್ಡಿಗಳೂ ಲೆಕ್ಕದವೇ, ಸುಮ್ಮನೆ ಗೀರಬೇಡಿ.

ಕಲ್ಲಿದ್ದಲ ಗಣಿಗೆ ಹೋಗುವಾಗ ಬೆಳ್ಳುಳ್ಳಿ ಜೊತೆಯಲ್ಲಿರಲಿ, ಇಲ್ಲದಿದ್ದರೆ ಬಾವಲಿ ಎತ್ತಿಕೊಂಡು ಹೋಗಿ ಎಲ್ಲೋ ಎಸೆಯುತ್ತದೆ. ಗಣಿಯೊಳಗೆ ಒಂದು ಕೋಣೆಯಲ್ಲಿ ವಾಸನೆ ಬರುತ್ತದೆ ಎಂಬ ಸಾಲು ಕಾಣುತ್ತದೆ. ಅದು ಗ್ಯಾಸ್. ಉರಿಯುವ ಪಂಜು ಹಿಡಿದು ಅದರ ಕೆಳಗಿನ ಕೋಣೆಗೆ ಇಳಿದರೆ ಸ್ಫೋಟ. ಆದ್ದರಿಂದ ಅದಕ್ಕಿಂತ ಮುಂಚೆ ಬರುವ, ಸರಪಳಿಗೆ ಬುಟ್ಟಿ ಕಟ್ಟಿರುವ ಕೋಣೆಯಲ್ಲೇ ಪಂಜನ್ನು ಬುಟ್ಟಿಯಲ್ಲಿಟ್ಟು ಲಾಟೀನು ಹಚ್ಚಿಕೊಳ್ಳಿ. ಇಷ್ಟು ಹೊತ್ತು ಬ್ಯಾಟರಿ ಉಳಿಸಿದ್ದು ಈ ಗಣಿಗಾಗಿ. ಕಲ್ಲಿದ್ದಲು ಹುಡುಕಿ ತಂದು, ಸ್ಕ್ರೂಡ್ರೈವರ್ ಜೊತೆ ಅದನ್ನೂ ಬುಟ್ಟಿಗೆ ಹಾಕಿ ಇಳಿಬಿಡಿ. ಕೆಳಗಿನ ಯಂತ್ರದ ಕಡೆಗೆ ಹೋಗುವ ಸಂದು ಎಷ್ಟು ಇಕ್ಕಟ್ಟೆಂದರೆ ಬರಿಗೈಯಲ್ಲಿ ಮಾತ್ರ ನುಸುಳಬಹುದು, ಲಾಟೀನನ್ನೂ ಬಿಡಬೇಕು. ಆಚೆ ಬದಿಯಲ್ಲಿ ಬೆಳಕು ಕೊಡುವುದು ಬುಟ್ಟಿಯಲ್ಲಿ ಮೊದಲೇ ಇಳಿದಿರುವ ಪಂಜು. ಬುಟ್ಟಿ ಇಳಿಸದೆ ನುಸುಳಿದವರಿಗೆ ಅಲ್ಲಿ ಗ್ರೂ ಕಾದಿರುತ್ತದೆ.

## ಹಂತ 10: ಕೊನೆಯ ಎಣಿಕೆ

ನಿಧಿಗಳು ಒಟ್ಟು 19, ಪೂರ್ಣ ಅಂಕ 350. ಅಂಕ ಬರುವುದು ಎರಡು ಸಲ, ಎತ್ತಿಕೊಂಡಾಗ ಸ್ವಲ್ಪ, ಕೇಸ್‌ನಲ್ಲಿಟ್ಟಾಗ ಉಳಿದದ್ದು. ಬೆಳಕಿಗಾಗಿ ಕೈಯಲ್ಲೇ ಇಟ್ಟುಕೊಂಡ ಪಂಜನ್ನು ಕೇಸ್‌ಗೆ ಹಾಕಲು ಮರೆಯುವವರು ಬಹಳ. ಪೆಟ್ಟಿಗೆಯೊಳಗಿನ ರಾಜದಂಡವನ್ನು ಬೇರೆಯಾಗಿ ಎಣಿಸಿ. ಅದನ್ನು ಕೇಸ್‌ನಲ್ಲಿಡುವ ಮುಂಚೆ ಜಲಪಾತದ ಹತ್ತಿರ ಒಯ್ದು ಬೀಸಿದ್ದೀರಾ ನೋಡಿಕೊಳ್ಳಿ, ಅಲ್ಲಿನ ಕಾಮನಬಿಲ್ಲು ಸುಮ್ಮನೆ ಇಲ್ಲ.

ಎಲ್ಲವೂ ಸೇರಿದ ಕ್ಷಣ ಒಂದು ಪಿಸುಮಾತು ಕೇಳಿಸುತ್ತದೆ, ಕೇಸ್‌ನಲ್ಲಿ ಹಳೆಯ ನಕ್ಷೆಯೊಂದು ಕಾಣಿಸಿಕೊಳ್ಳುತ್ತದೆ. ಆಟ ಶುರುವಾದ ಅಂಚೆ ಡಬ್ಬಿಯ ಹತ್ತಿರ ಹೋಗಿ ನೈಋತ್ಯಕ್ಕೆ ನಡೆಯಿರಿ. ಮೊದಲ ದಿನ ಅಲ್ಲಿ ದಾರಿ ಇರಲಿಲ್ಲ.

## ಎರಡು, ಮೂರನೇ ಭಾಗಕ್ಕೆ ಹೋಗುವವರಿಗೆ

ಕ್ರಮ ಇದೇ, ಎರಡು ವ್ಯತ್ಯಾಸ. ಎರಡನೇ ಭಾಗದ (1981) ಪೂರ್ಣ ಅಂಕ 400. ಅದರಲ್ಲಿ ವಿಚಿತ್ರ ಕೋನದ ಕೋಣೆಗಳ ಜಾಲವೊಂದಿದೆ, ಅದು ಬೇಸ್‌ಬಾಲ್ ಮೈದಾನ. ಕ್ರಿಕೆಟ್ ನೋಡಿ ಬೆಳೆದ ನಮಗೆ ಅಲ್ಲಿ ಬಿದ್ದಿರುವ ಮರದ ದಾಂಡು ಏನನ್ನೂ ನೆನಪಿಸುವುದಿಲ್ಲ. ತಿಳಿಯದಿದ್ದರೆ ನಿಮ್ಮ ತಪ್ಪೇನೂ ಇಲ್ಲ. ಬೇಸ್‌ಬಾಲ್ ಆಟಗಾರ ಓಡುವ ಹಾಗೆ ಆಗ್ನೇಯ, ಈಶಾನ್ಯ, ವಾಯವ್ಯ, ನೈಋತ್ಯ ಎಂದು ಸುತ್ತಿ ಬನ್ನಿ.

ಮೂರನೇ ಭಾಗದಲ್ಲಿ (1982) ಪೂರ್ಣ ಅಂಕ ಬರೀ 7, ನಿಧಿ ಕೂಡಿಹಾಕುವ ಆಟವೇ ಅಲ್ಲ. ಅಂಕ ಏರಿದ್ದನ್ನು ನೋಡಿ ಮುಂದೆ ಹೋಗುತ್ತಿದ್ದೇನೆ ಎಂದುಕೊಳ್ಳಬೇಡಿ. ಅಲ್ಲಿ ನಡುವೆ ಒಂದು ಭೂಕಂಪವಾಗುತ್ತದೆ, ಕೆಲವು ಕೆಲಸ ಅದಕ್ಕೆ ಮುಂಚೆಯೇ ಆಗಬೇಕು. ಮೊದಲ ನಕ್ಷೆಯ ಸುತ್ತಿನಲ್ಲಿ ಅದು ಎಷ್ಟನೇ ನಡೆಗೆ ಬಂತು ಎಂದು ಬರೆದಿಟ್ಟುಕೊಳ್ಳಿ.